ಗೂಟಕ್ಕೆ ಕಟ್ಟಿದ ಎರಡು ದೋಣಿಗಳು

ಎತ್ತಿನ ಹಲ್ಲು ನೋಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ದೋಣಿಯ ಹಲ್ಲು ನೋಡುವವರನ್ನು ನೋಡಿದ್ದೀರಾ?

ನಾನು ಹೋದ ವಾರ ನೋಡಿದೆ. ಅವರು ಬೇರೆ ಯಾರೂ ಅಲ್ಲ, ನನ್ನ ಅಕ್ಕನ ಗಂಡ ಅಮರಪ್ಪ ಭಾವ. ಹಿನ್ನೀರಿನ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ದೋಣಿಯ ಮೂತಿಯ ಹತ್ತಿರ ಮುಖ ತಂದು, ಹಲಗೆಗೆ ಹೊಡೆದ ಮೊಳೆಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿ ನೋಡುತ್ತಿದ್ದರು.

“ಏನ್ ನೋಡಾಕತ್ತೀರಿ ಭಾವಾ?” ಅಂದೆ.

“ಹಲ್ಲು,” ಅಂದರು. “ತುಕ್ಕು ಎಷ್ಟು ತಿಂದೈತಿ ಅಂತ ನೋಡಿದ್ರ ವಯಸ್ಸು ತಿಳಿತೈತಿ. ಮಾರೋರ ಬಾಯಿ ನಂಬಬಾರದು, ಮಾಲಿನ ಬಾಯಿ ನೋಡಬೇಕು.”

ಭಾವನ ಪರಿಚಯ ಹೇಳದೆ ಮುಂದೆ ಹೋದರೆ ನಿಮಗೆ ಇದೆಲ್ಲ ಹುಚ್ಚಾಟ ಅನ್ನಿಸೀತು. (ಹೇಳಿದ ಮೇಲೂ ಅನ್ನಿಸಬಹುದು, ಅದು ಬೇರೆ ಮಾತು.) ಲಿಂಗಸುಗೂರಿನಿಂದ ಮುಂದೆ, ಕೃಷ್ಣೆಯ ಹಿನ್ನೀರಿನ ದಂಡೆಗೆ ಅವರ ಊರು. ಮೊದಲಿನಿಂದ ಎತ್ತಿನ ದಲಾಲಿ. ಗುರುಗುಂಟಾದಿಂದ ಮಸ್ಕಿಯವರೆಗೆ ಯಾರ ಕೊಟ್ಟಿಗೆಯಲ್ಲಿ ಹೋರಿಕರು ಹುಟ್ಟಿದರೂ ಅದು ಹಲ್ಲು ಹಚ್ಚುವ ಮೊದಲೇ ಭಾವನಿಗೆ ಸುದ್ದಿ ಮುಟ್ಟುತ್ತಿತ್ತು. ಸಂತೆಯಲ್ಲಿ ಅವರು ಒಂದು ಎತ್ತಿನ ಬೆನ್ನು ತಟ್ಟಿದರೆ ಸಾಕು, ಅದರ ಬೆಲೆ ಏರುತ್ತಿತ್ತು. ಮೂತಿ ಸೊಟ್ಟಗೆ ಮಾಡಿದರೆ ಮಾರುವವನು ಹಗ್ಗ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದ.

ಈಗ ಎತ್ತು ಯಾರಿಗೆ ಬೇಕು? ನಮ್ಮ ಸಿಂಧನೂರಿನ ಕಡೆ ಕಾಲುವೆ ನೀರು ಬಂತು, ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಟ್ರ್ಯಾಕ್ಟರ್ ಬಂತು. ದಢೇಸುಗೂರಿನಲ್ಲಿ ಭಾವ ಮಾರಿಸಿಕೊಟ್ಟ ಜೋಡೆತ್ತುಗಳು ನಿಲ್ಲುತ್ತಿದ್ದ ಕೊಟ್ಟಿಗೆಗಳಲ್ಲಿ ಈಗ ಟ್ರಾಲಿಗಳು ನಿಂತಿವೆ. ಟ್ರಾಲಿಗೆ ಹಲ್ಲಿಲ್ಲ, ಸುಳಿಯಿಲ್ಲ, ದಲಾಲಿಯೂ ಬೇಕಿಲ್ಲ. ಭಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಸಂತೆಗೆ ಹೋಗಿ ಚಹಾ ಕುಡಿದು ವಾಪಸ್ ಬರತೊಡಗಿದರು.

ಅಲ್ಲಿಂದಲೇ ಅವರಿಗೆ ಆ ಚಡಪಡಿಕೆ ಹತ್ತಿಕೊಂಡಿತು ಎಂದು ನಾವೆಲ್ಲ ತಿಳಿದಿದ್ದೆವು. ಅದರಲ್ಲೂ ಈ ಒಂದು ವರ್ಷದಿಂದ ಅತಿಯಾಗಿತ್ತು. ಊಟಕ್ಕೆ ಕೂತವರು ಅರ್ಧಕ್ಕೆ ಎದ್ದು ಬಾಗಿಲಿಗೆ ಹೋಗಿ ರಸ್ತೆ ನೋಡಿ ಬರುವರು. ಸಿಂಧನೂರಿಗೆ ನಮ್ಮ ಮನೆಗೆ ಬಂದರೆ ಕುರ್ಚಿಯ ತುದಿಯಲ್ಲಿ ಕೂತು, ಚಹಾ ಆರುವ ಮೊದಲೇ “ಬಸ್ ಯಾವಾಗೈತಿ?” ಎಂದು ಕೇಳುವರು. ಬಸ್ಸು ಹತ್ತಿದರೆ ಕಿಟಕಿಯ ಸೀಟು ಬಿಟ್ಟು ಬಾಗಿಲಲ್ಲಿ ನಿಲ್ಲುವರು.

ಅಕ್ಕನಿಗಂತೂ ಸಾಕಾಗಿ ಹೋಗಿತ್ತು. “ಕಾಲಿಗೆ ಚಕ್ರ ಕಟಗೊಂಡಾರ ನೋಡು,” ಅನ್ನುತ್ತಿದ್ದಳು. “ಒಂದು ಕಡಿ ಕುಂತ್ರ ಯಾರೋ ಜುಲ್ಮಾನಿ ಹಾಕ್ತಾರ ಅನ್ನಂಗ ಮಾಡ್ತಾರ.”

ಇಂಥ ಭಾವ ಹೋದ ವಾರ ಎಸ್‌ಟಿಡಿ ಬೂತಿನಿಂದ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ನನ್ನನ್ನು ಕರೆಸಿದರು.

“ನಾಳಿ ಮುಂಜಾನಿ ಬಾ. ಎರಡು ದೋಣಿ ಮಾರಾಕ ಬಂದಾವ.”

“ದೋಣಿ ಯಾಕ್ರಿ ಭಾವಾ?”

“ಸುನಂದಾನ್ನ ಕರಕೊಂಡ ಬರಾಕ. ಮೀಟರ್ ಓಡಾಕತ್ತೈತಿ. ಬಾ ಅಂದ್ರ ಬಾ.”

ಸುನಂದಾ ಅವರ ಒಬ್ಬಳೇ ಮಗಳು. ಕೊಟ್ಟದ್ದು ಎದುರಿನ ದಂಡೆಯ ಊರಿಗೆ. ಅಕ್ಕನ ಮನೆಯ ಮಾಳಿಗೆ ಹತ್ತಿದರೆ ಆ ಊರಿನ ನೀರಿನ ಟ್ಯಾಂಕು ಕಾಣುತ್ತದೆ. ಡ್ಯಾಮ್ ಕಟ್ಟುವ ಮೊದಲು ಬೇಸಿಗೆಯಲ್ಲಿ ಜನ ಸೀರೆ ಧೋತರ ಎತ್ತಿಕೊಂಡು ನಡೆದೇ ದಾಟುತ್ತಿದ್ದರಂತೆ. ಈಗ ನಡುವೆ ಸಮುದ್ರದ ಹಾಗೆ ನೀರು ನಿಂತಿದೆ. ರಸ್ತೆಯ ಮೇಲೆ ಹೋಗಬೇಕೆಂದರೆ ಲಿಂಗಸುಗೂರಿಗೆ ಬಂದು ಬಸ್ಸು ಬದಲಿಸಿ, ಸುತ್ತು ಹಾಕಿ, ಇನ್ನೊಂದು ಬಸ್ಸು ಹಿಡಿದು, ಕೊನೆಗೆ ಟೆಂಪೊದಲ್ಲಿ ಜೋತಾಡಬೇಕು. ಕಣ್ಣೆದುರಿನ ಟ್ಯಾಂಕು ಮುಟ್ಟಲು ಇಡೀ ದಿನ ಬೇಕು.

ಸುನಂದಾಗೆ ಈಗ ಏಳು ತಿಂಗಳು. ಕುಬಸದ ಕಾರ್ಯ, ಅಂದರೆ ಸೀಮಂತ, ಆಗಿದೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ನಮ್ಮಲ್ಲಿ ಚರ್ಚೆಗೆ ಬಿಟ್ಟ ವಿಷಯವಲ್ಲ.

ಹೋದ ವರ್ಷವೂ ಒಮ್ಮೆ ಬಸಿರು ನಿಂತಿತ್ತು. ತವರಿಗೆಂದು ಬಸ್ಸಿನಲ್ಲಿ ಬಂದಳು. ಮನೆ ಮುಟ್ಟಿದ ಮೇಲೆ ಹೊಟ್ಟೆನೋವು ಬಂತು, ಮಗು ಉಳಿಯಲಿಲ್ಲ. ಬಸ್ಸಿನಿಂದಲೇ ಹಾಗಾಯಿತು ಎಂದು ಡಾಕ್ಟರು ಹೇಳಲಿಲ್ಲ. ಆದರೆ ನಮ್ಮ ಮನೆಯಲ್ಲಿ ಯಾರೂ ಆ ಬಸ್ಸನ್ನು ಮರೆತಿಲ್ಲ. ಈ ಸಲ ಡಾಕ್ಟರಮ್ಮ ಮೊದಲೇ ಹೇಳಿಬಿಟ್ಟಿದ್ದಾರೆ, ಕುಲುಕುವ ಗಾಡಿ ಹತ್ತಿಸಬೇಡಿ ಎಂದು. ನಮ್ಮ ಕಡೆ ಕುಲುಕದ ರಸ್ತೆ ಎಲ್ಲಿದೆ ಎಂದು ಅವರು ಹೇಳಲಿಲ್ಲ. ಊರಲ್ಲಿ ಒಂದು ಹರಿಗೋಲು ಇದೆ. ಗಾಳಿಗೆ ಬುಗುರಿಯ ಹಾಗೆ ತಿರುಗುತ್ತದೆ. ಅದರಲ್ಲಿ ಆಡು ಕೂಡ ಒಲ್ಲೆ ಅನ್ನುತ್ತದೆ.

ಹಾಗಾಗಿ ದೋಣಿ. ತಿಳಿಯಿತಲ್ಲ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈಗ ಸಿಂಧನೂರಿನಲ್ಲಿ ಯಾರೂ ಒಂದು ವಸ್ತು ನೋಡಿ ಕೊಳ್ಳುವುದಿಲ್ಲ. ಎರಡು ನೋಡುತ್ತಾರೆ. ಸ್ಕೂಟರ್ ಎರಡು, ಮಿಕ್ಸರ್ ಎರಡು, ಸೈಟು ಎರಡು, ವರ ಎರಡು. ಗೊರೇಬಾಳದ ನನ್ನ ಗೆಳೆಯನೊಬ್ಬ ಟಿವಿ ಅಂಗಡಿಯಲ್ಲಿ ಎರಡು ಟಿವಿ ಅಕ್ಕಪಕ್ಕ ಹಚ್ಚಿಸಿ, ಒಂದೇ ಧಾರಾವಾಹಿ ಹಾಕಿಸಿ, ಯಾವುದರಲ್ಲಿ ನಾಯಕಿ ಚೆನ್ನಾಗಿ ಅಳುತ್ತಾಳೆ ಎಂದು ಇಡೀ ಎಪಿಸೋಡು ನಿಂತು ನೋಡಿದ. ಕೊನೆಗೆ ಎರಡನ್ನೂ ಬಿಟ್ಟು ಬಂದ. ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲವಂತೆ.

ನಾನೇನು ಕಮ್ಮಿ? ಒಂದು ವರ್ಷದಿಂದ ಎರಡು ಸ್ಕೂಟರ್‌ಗಳ ನಡುವೆ ತೂಗಾಡುತ್ತಾ ಕಾಲ್ನಡಿಗೆಯಲ್ಲೇ ಇದ್ದೇನೆ. ಆದ್ದರಿಂದ ಹೋಲಿಸುವ ಕೆಲಸಕ್ಕೆ ಭಾವ ನನ್ನನ್ನು ಕರೆದದ್ದು ಎಷ್ಟು ಸರಿ ಎಂಬುದನ್ನು ನೀವೇ ಲೆಕ್ಕ ಹಾಕಿ.

ಮರುದಿನ ಮೊದಲ ಬಸ್ಸು. ಮಸ್ಕಿಯಲ್ಲಿ ಡ್ರೈವರ್ ಚಹಾಕ್ಕೆ ಇಳಿದವನು ಹತ್ತಲೇ ಇಲ್ಲ. ಕಾಯುತ್ತಾ ನಾನೂ ಎರಡು ಸಲ ಇಳಿದೆ, ಎರಡು ಸಲ ಹತ್ತಿದೆ, ಹಾರ್ನ್ ಬಾರಿಸಬಹುದೇ ಎಂದು ಯೋಚಿಸಿದೆ. ಚಡಪಡಿಕೆ ಅಂಟುರೋಗ ಎಂದು ಯಾರೂ ಹೇಳಿರಲಿಲ್ಲ. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಅಕ್ಕನ ಊರು ಮುಟ್ಟುವ ಹೊತ್ತಿಗೆ ಭಾವ ಆಗಲೇ ದಂಡೆಗೆ ಹೋಗಿದ್ದರು. ಅಕ್ಕ ನನ್ನ ಕೈಗೆ ಮಡಿಸಿದ ಕೌದಿ, ಒಂದು ಡಬ್ಬಿ ಶೇಂಗಾದುಂಡಿ ಕೊಟ್ಟು, “ಸುನಂದಾನ ಕೆಳಗ ಹಾಸು. ಹಲಗಿ ಒತ್ತಬಾರದು. ನಿಮ್ಮ ಭಾವಗ ಕೊಡಬ್ಯಾಡ, ಎಲ್ಯರ ಬಿಟ್ಟು ಬರ್ತಾರ,” ಅಂದಳು.

ದೋಣಿ ಮಾರುವವನ ಹೆಸರು ಅಪ್ಪಲಸ್ವಾಮಿ. ಆಂಧ್ರದ ಕರಾವಳಿಯವನು. ಹಿನ್ನೀರಿಗೆ ಮೀನು ಹಿಡಿಯಲು ಬಂದು ಕೆಲವು ವರ್ಷ ಇದ್ದವನು ಈಗ ಸಮುದ್ರಕ್ಕೇ ವಾಪಸ್ ಹೊರಟಿದ್ದ. ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋಗುವುದು ಆಗದ ಮಾತು. ಎರಡೂ ಹೆಚ್ಚುಕಮ್ಮಿ ಒಂದೇ ಅಳತೆ. ತೀರಾ ಸಣ್ಣವಲ್ಲ, ತೀರಾ ದೊಡ್ಡವೂ ಅಲ್ಲ. ಎರಡಕ್ಕೂ ಹಾಯಿ. ನಾಲ್ಕಾರು ದಿನ ನೀರಿನ ಮೇಲೇ ಉಂಡು, ಮಲಗಿ, ತಿರುಗಿ ಬರಬಹುದಾದಂಥ ದೋಣಿಗಳು.

ಒಂದಕ್ಕೆ ನೀಲಿ ಬಣ್ಣ. ಸಪೂರ ಮೈ, ಚೂಪು ಮೂತಿ, ಎತ್ತರದ ಕಂಬ, ಹೊಸ ಬಿಳಿ ಬಟ್ಟೆಯ ಹಾಯಿ. ಇನ್ನೊಂದಕ್ಕೆ ಟಾರು ಬಳಿದು ಕಪ್ಪಾಗಿತ್ತು. ಅಗಲ ಹೊಟ್ಟೆ, ಗಿಡ್ಡ ಕಂಬ. ಹಾಯಿ ಗೊಬ್ಬರದ ಚೀಲಗಳನ್ನು ಹೊಲಿದು ಮಾಡಿದ್ದು, ಅಲ್ಲಲ್ಲಿ ‘ಯೂರಿಯಾ’ ಎಂಬ ಅಕ್ಷರ ಇನ್ನೂ ಅಳಿಸಿರಲಿಲ್ಲ. ಹಿಂಭಾಗಕ್ಕೆ ಸವಾರಿ ಬಂಡಿಗೆ ಇರುವಂಥ ಬಿದಿರಿನ ಕಮಾನು.

ನಾನು ಹೋಗುವಷ್ಟರಲ್ಲಿ ಭಾವ ಅವುಗಳಿಗೆ ಹೆಸರಿಟ್ಟು ಮುಗಿಸಿದ್ದರು. ನೀಲ್ಯಾ ಮತ್ತು ಕರಿಯಾ.

“ಯಾವುದು ಚಲೋರಿ?” ಎಂದು ನಾನು ಅಪ್ಪಲಸ್ವಾಮಿಯನ್ನು ಕೇಳಿದೆ.

“ರೆಂಡೂ ಬಂಗಾರಂ ಸಾರ್,” ಅಂದ. ಎರಡೂ ಬಂಗಾರವಂತೆ. ಮಾರುವವನು ಮತ್ತೇನು ಹೇಳಿಯಾನು?

ಭಾವ ಅವನ ಮಾತಿಗೆ ಕಿವಿಯನ್ನೇ ಕೊಡಲಿಲ್ಲ. ಹಲ್ಲು ನೋಡಿದ್ದಾಯಿತು. ಆಮೇಲೆ ಸುಳಿ ನೋಡಿದರು. ಎತ್ತಿನ ಮೈಮೇಲೆ ಕೂದಲು ಎಲ್ಲಿ ಸುಳಿ ಸುತ್ತಿದೆ ಎಂಬುದರ ಮೇಲೆ ಅದೃಷ್ಟ ಹೇಳುವವರು ಅವರು. ದೋಣಿಗೆ ಕೂದಲೆಲ್ಲಿ? ಹಲಗೆಯಲ್ಲಿ ಗಂಟುಗಳಿರುತ್ತವಲ್ಲ, ಕೊಂಬೆ ಒಡೆದ ಗುರುತು, ಅವನ್ನೇ ಸುಳಿ ಎಂದು ಲೆಕ್ಕ ಹಿಡಿದರು. ನೀಲ್ಯಾನ ಎಡಗಡೆಯ ಹಲಗೆಯಲ್ಲಿ ಚಲೋ ಜಾಗದಲ್ಲಿ ಸುಳಿ ಬಿದ್ದಿತ್ತಂತೆ. ಕರಿಯಾನ ಸುಳಿಗಳೆಲ್ಲ ಟಾರಿನ ಕೆಳಗೆ ಮುಚ್ಚಿಹೋಗಿದ್ದವು. “ಮುಚ್ಚಿಟ್ಟಾನಂದ್ರ ಏನೋ ಐತಿ,” ಅಂದರು.

ಕೊನೆಗೆ ಗೂಟದ ಪರೀಕ್ಷೆ. ಎರಡು ದೋಣಿಗಳನ್ನೂ ಅಕ್ಕಪಕ್ಕ ಗೂಟಕ್ಕೆ ಕಟ್ಟಿಸಿ, ದೂರ ಹೋಗಿ ನಿಂತು, ಬೀಡಿ ಹಚ್ಚಿ ನೋಡತೊಡಗಿದರು. ಗಾಳಿ ಸಣ್ಣಗೆ ಬೀಸುತ್ತಿತ್ತು. ನೀಲ್ಯಾ ಹಗ್ಗ ಜಗ್ಗುತ್ತಾ, ಮೂತಿ ಅತ್ತ ಇತ್ತ ಮಾಡುತ್ತಾ, ಮೈ ಕುಣಿಸುತ್ತಾ ಇತ್ತು. ಕರಿಯಾ ಎಮ್ಮೆಯ ಹಾಗೆ ಬಿದ್ದುಕೊಂಡಿತ್ತು.

“ಮುಗೀತು,” ಅಂದರು ಭಾವ. “ನೀಲ್ಯಾ.”

“ಅದ್ಹೆಂಗ್ರಿ?”

“ಗೂಟದಾಗ ಸುಮ್ಮ ನಿಂತ ಹೋರಿ ನೊಗದಾಗೂ ಸುಮ್ಮ ನಿಲ್ತೈತಿ. ಹಗ್ಗ ಜಗ್ಗೋದು ನೋಡು ಅದು, ಮೈಯಾಗ ಬಿರುಸೈತಿ. ಈ ಕರಿಯಾ ಮುದಿಯೆತ್ತು. ಬಾರಕೋಲು ಮುರದ್ರೂ ಏಳಂಗಿಲ್ಲ.”

“ಕರಿಯಾಗ ಕಮಾನೈತ್ರಿ. ಬಿಸಿಲಿಗೆ ನೆರಳಾಗ್ತೈತಿ.”

“ನೆರಳು ನೋಡಿ ಎತ್ತು ತಗೋತಾರೇನು ಮಾರಾಯಾ?”

ನನಗೆ ದೋಣಿಯ ಗಂಧವೂ ಗೊತ್ತಿಲ್ಲ. ಕಾಲುವೆಯ ದಂಡೆಯಲ್ಲಿ ಬೆಳೆದೂ ಈಜು ಕಲಿಯದ ಮಹಾನುಭಾವ ನಾನು. ಆದರೂ ಒಂದು ಪ್ರಶ್ನೆ ಉಳಿದಿತ್ತು. “ಭಾವಾ, ಒಂದಿನದ ಮಟ್ಟಿಗೆ ಬಾಡಿಗಿಗೆ ತಗೊಂಡ್ರ ಆಗಂಗಿಲ್ಲೇನ್ರಿ?”

ಅವರು ನೀರಿನ ಕಡೆ ನೋಡುತ್ತಲೇ ಅಂದರು. “ಮಗಳು ಬಂದ ಮ್ಯಾಲ ಮಂದಿ ದಾಟಸ್ತೀನಿ. ನನಗೂ ಒಂದು ಕೆಲಸ ಬೇಕಲ್ಲ. ಹಿಂಗ ಎಷ್ಟು ದಿನ ರಸ್ತಾ ನೋಡಕೋತ ನಿಲ್ಲಲಿ?”



ಇನ್ನು ಬೆಲೆ. ನಮ್ಮ ಎತ್ತಿನ ಸಂತೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಭಾವ ಪದ್ಧತಿ ಬಿಡುವವರಲ್ಲ. ಅಪ್ಪಲಸ್ವಾಮಿಯ ಕೈ ಹಿಡಿದು ಟವೆಲ್ ಮುಚ್ಚಿ ಬೆರಳು ಒತ್ತತೊಡಗಿದರು. ಅವನು ಗಾಬರಿಯಾಗಿ ನನ್ನ ಮುಖ ನೋಡಿದ.

“ನಾಡಿ ಚೂಸ್ತಾರಾ? ನಾಕು ಜ್ವರಂ ಲೇದು ಸಾರ್.”

ನಾಡಿ ನೋಡುತ್ತಿಲ್ಲ, ಬೆಲೆ ಹೇಳುತ್ತಿದ್ದಾರೆ ಎಂದು ನಾನು ವಿವರಿಸಿದೆ. ಆಮೇಲೆ ಅವನೂ ಬೆರಳು ಹಿಡಿದ. ಇಬ್ಬರ ಮುಖದಲ್ಲೂ ಏನೇನೋ ಬಂದು ಹೋಯಿತು. ಟವೆಲ್ ತೆಗೆದಾಗ ಇಬ್ಬರೂ ನಗುತ್ತಿದ್ದರು. ಬೆಲೆ ಎಷ್ಟು ಎಂದು ನನಗೆ ಈ ಹೊತ್ತಿನವರೆಗೂ ಗೊತ್ತಿಲ್ಲ. ಅಕ್ಕ ದಿನಾ ಕೇಳುತ್ತಾಳಂತೆ. ಭಾವ ಹೇಳುವುದಿಲ್ಲವಂತೆ.

ಆದರೆ ಬೆಲೆ ಕೂಡಿದ ಮಾತ್ರಕ್ಕೆ ಸೌದಾ ಆಗುವುದಿಲ್ಲ. ಎತ್ತನ್ನು ಹೇರಿದ ಬಂಡಿಗೆ ಹೂಡಿ ನೋಡಬೇಕು. ಅದು ಎಳೆದರೆ ದುಡ್ಡು, ಇಲ್ಲದಿದ್ದರೆ ಹಗ್ಗ ವಾಪಸ್.

“ಹೂಡೂಣು,” ಅಂದರು ಭಾವ. “ಖಾಲಿ ಯಾಕ ಹೋಗಿ ಬರೋದು? ಇವತ್ತು ದಿನಾನೂ ಚಲೋ ಐತಿ. ಸುನಂದಾಗ ಹೇಳಿಕಳಿಸೀನಿ, ದಂಡಿಗೆ ಬಂದು ನಿಂತಿರ್ತಾಳ. ಕುಂದ್ರಿಸಿಕೊಂಡ ಬಂದುಬಿಡೂಣು.”

ಪರೀಕ್ಷೆ ಮಾಡುವ ದಿನವೇ ಮಗಳನ್ನು ಹೇರಿಕೊಂಡು ಬರುವುದೇ? ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಭಾವ ನೀಲ್ಯಾನನ್ನು ಹತ್ತಿ ನಿಂತಾಗಿತ್ತು.

ಹೊರಟೆವು. ಚುಕ್ಕಾಣಿ ಅಪ್ಪಲಸ್ವಾಮಿಯ ಕೈಯಲ್ಲಿ. ನಾನು ಕೌದಿಯನ್ನು ಎದೆಗೆ ಒತ್ತಿಕೊಂಡು ನಡುವೆ ಕೂತಿದ್ದೆ. ದಂಡೆ ಬಿಟ್ಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಹಾಯಿಯನ್ನು ತುಂಬಿತು. ನೀಲ್ಯಾ ಒಂದು ಮಗ್ಗುಲಿಗೆ ವಾಲಿತು. ನೀರು ನನ್ನ ಮೊಣಕೈಯ ಹತ್ತಿರವೇ ಸರಸರ ಓಡತೊಡಗಿತು. ನಮ್ಮ ಕಡೆಯ ಎಲ್ಲ ದೇವರುಗಳನ್ನೂ ನೆನೆದೆ. ಅವರಲ್ಲಿ ಈಜು ಬರುವವರು ಯಾರು ಎಂದು ಮಾತ್ರ ನೆನಪಾಗಲಿಲ್ಲ.

ಭಾವ? ಭಾವ ನಿಂತಿದ್ದರು. ಕಂಬಕ್ಕೆ ಕಟ್ಟಿದ ಹಗ್ಗವನ್ನು ಮೂಗುದಾರ ಹಿಡಿದಂತೆ ಹಿಡಿದು, ಕಾಲು ಅಗಲಿಸಿ, ಧೋತರ ಪಟಪಟ ಹಾರುತ್ತಿದ್ದರೂ ನೋಡದೆ ನಿಂತಿದ್ದರು. ಅವರ ಮುಖದಲ್ಲಿ ಒಂದು ಬೆಳಕಿತ್ತು. ಸಂತೆಯಲ್ಲಿ ಹತ್ತು ಜನರ ನಡುವೆ ಒಳ್ಳೆಯ ಹೋರಿಯೊಂದರ ಬೆನ್ನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದ ಹಳೆಯ ಅಮರಪ್ಪ ಭಾವ ಅವರು. ಎಷ್ಟು ದಿನ ಆಗಿತ್ತು ಅವರನ್ನು ಹಾಗೆ ನೋಡಿ. ಹೆದರಿಕೆಯ ನಡುವೆಯೂ ನನಗೆ ಸಂತೋಷವಾಯಿತು. ಈ ದೋಣಿ ಇವರಿಗೆ ಸಿಗಲಪ್ಪ ಎಂದು ಅಂದುಕೊಂಡೆ.

“ನೋಡಿದೇನು?” ಎಂದು ಕೂಗಿದರು. “ಲಿಂಗಸುಗೂರು ಬಸ್ಸು ಇದರ ಮುಂದ ಏನೈತಿ?”

ಎದುರಿನ ದಂಡೆ ಬಂದೇಬಿಟ್ಟಿತು. ಸುನಂದಾ ಅಲ್ಲಿ ಜಾಲಿಯ ಗಿಡದ ಕೆಳಗೆ ನಿಂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ, ಕಾಲ ಬಳಿ ಒಂದು ಟ್ರಂಕು. ನಮ್ಮನ್ನು ನೋಡಿ ನಗುತ್ತಾ, ಸೊಂಟಕ್ಕೆ ಕೈಯಿಟ್ಟುಕೊಂಡು, ನಿಧಾನವಾಗಿ ನೀರಿನ ಅಂಚಿಗೆ ಬಂದಳು. ನಾನು ಕೌದಿ ಹಾಸಿದೆ. ಭಾವ ಕೈ ಚಾಚಿದರು.

“ಬಾ ಬೇ, ಜಲ್ದಿ ಬಾ. ಗಾಳಿ ಚಲೋ ಐತಿ.”

ಅವಳು ಒಂದು ಕಾಲು ದೋಣಿಯ ಅಂಚಿನ ಮೇಲಿಟ್ಟಳು. ನೀಲ್ಯಾ ಆ ಕಡೆ ಬಾಗಿತು. ಕಾಲು ತೆಗೆದಳು. ಇನ್ನೊಮ್ಮೆ ಇಟ್ಟಳು. ಮತ್ತೆ ಬಾಗಿತು. ಆ ಕಾಲನ್ನು ನೆಲದ ಮೇಲಿಟ್ಟು ನಿಂತಳು.

“ಅಪ್ಪಾ, ಇದು ನಿಲ್ಲವಲ್ದಲ್ಲ.”

“ನಿಲ್ಲಂಗಿಲ್ಲ ಅದು. ಚಲೋ ಹೋರಿ ಹಂಗ ಇರ್ತೈತಿ. ಹತ್ತು.”

“ಹೂಡಾಕ ಹೋರಿ ನೋಡ್ತಾರಪ್ಪಾ. ಬಸುರಿನ್ನ ಕುಂದ್ರಸಾಕ ಹೋರಿ ನೋಡಿದೋರ್ನ ನಾ ನೋಡಿಲ್ಲ.”

ಅಪ್ಪಲಸ್ವಾಮಿ ಕೂಡ ತಲೆ ಬಗ್ಗಿಸಿ ನಕ್ಕ. ಭಾವ ನಗಲಿಲ್ಲ.

“ಎರಡು ದೋಣಿ ಬಂದಾವ ಅಂತ ಹೇಳಿಕಳಿಸಿದ್ದಿ,” ಅಂದಳು ಸುನಂದಾ. “ಇನ್ನೊಂದು ಹೆಂಗೈತಿ?”

“ಅದು ಮಂದ ಐತಿ. ಗೂಟಕ್ಕ ಕಟ್ಟಿದ್ರ ಕಲ್ಲಿನಂಗ ಬಿದ್ದಿರ್ತೈತಿ.”

“ಅದನ್ನ ತಗೊಂಬಾ.”

ಭಾವ ಒಂದಿಷ್ಟು ಹೊತ್ತು ಅಲ್ಲೇ ಶತಪಥ ಹಾಕಿದರು. ಗಾಳಿ ನಿಂತರೆ ಆ ಮುದಿಯೆತ್ತು ಬರುವಷ್ಟರಲ್ಲಿ ಸಂಜೆಯಾಗುತ್ತದೆ ಅಂದರು. ಒಳ್ಳೆಯ ದಿನ ಮೀರಿ ಹೋಗುತ್ತದೆ ಅಂದರು. ನಾನು ಹಿಡಿದುಕೊಳ್ಳುತ್ತೇನೆ, ಮಾಮ ಹಿಡಿದುಕೊಳ್ಳುತ್ತಾನೆ ಅಂದರು. (ಮಾಮ ಅಂದರೆ ನಾನು. ನನ್ನನ್ನು ಯಾರು ಹಿಡಿಯಬೇಕು?) ಸುನಂದಾ ವಾದ ಮಾಡಲಿಲ್ಲ, ಅಳಲೂ ಇಲ್ಲ. ಟ್ರಂಕಿನ ಮೇಲೆ ಕೂತಳು. ಅವಳ ಅತ್ತೆ ಛತ್ರಿ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದರು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅಪ್ಪ ಮಗಳು ಹಾಗೆ. ಕೊನೆಗೆ ಭಾವ ನೀಲ್ಯಾ ಹತ್ತಿ ವಾಪಸ್ ಹೊರಟರು. ನಾನು ಕೌದಿ, ಡಬ್ಬಿ ಎತ್ತಿಕೊಂಡು ದಂಡೆಯಲ್ಲೇ ಉಳಿದೆ. ಧೈರ್ಯ ಸಾಲಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಆಗ ನನಗೆ ಹೊಳೆದದ್ದು ಇಷ್ಟು. ನಾವು ಮೊಳೆ ನೋಡಿದೆವು, ಸುಳಿ ನೋಡಿದೆವು, ಗೂಟದಲ್ಲಿ ಕಟ್ಟಿ ನೋಡಿದೆವು, ಟವೆಲ್ ಮುಚ್ಚಿ ಬೆರಳು ಒತ್ತಿದೆವು. ದೋಣಿಯಲ್ಲಿ ಕೂತು ಬರಬೇಕಾದವಳನ್ನು ಒಂದು ಮಾತು ಕೇಳಲಿಲ್ಲ. ಫ್ರಿಜ್ ಕೊಳ್ಳುವಾಗ ನಾವು ಅಡುಗೆ ಮಾಡುವವಳನ್ನು ಕೇಳುತ್ತೇವೆಯೇ? ವರ ನೋಡುವಾಗ ಮದುವೆಯಾಗುವವಳನ್ನು?

ಇದನ್ನೇ ಸುನಂದಾಗೆ ಹೇಳಿದೆ. ಅವಳು ಉಂಡಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ ನಕ್ಕಳು.

“ನನಗೂ ಎರಡು ವರ ನೋಡಿದ್ದ ಅಪ್ಪ. ನನ್ನೇನು ಕೇಳಿದ್ದಿಲ್ಲ. ಆದ್ರ ಅದು ಚಲೋನ ಆತು ಮಾಮಾ. ಚಲೋ ಮನಿ ಸಿಕ್ತು.” ಹಿಂದೆ ಛತ್ರಿ ಹಿಡಿದಿದ್ದ ಅತ್ತೆಯ ಕಡೆ ಕಣ್ಣು ಹೊರಳಿಸಿ, ದನಿ ತಗ್ಗಿಸಿದಳು. “ಹಂಗಂತ ಎಲ್ಲಾ ಸಲ ಸುಮ್ಮ ಇರಾಕ ಆಗಂಗಿಲ್ಲ.”

ಅತ್ತೆ ನೀರು ತರಲು ಎದ್ದು ಹೋದ ಮೇಲೆ ಉಳಿದದ್ದನ್ನು ಹೇಳಿದಳು.

“ಹೋದ ವರ್ಷ ಲಿಂಗಸುಗೂರು ಸ್ಟ್ಯಾಂಡಿನಾಗ ನಾ ಅಪ್ಪಗ ಹೇಳಿದ್ದೆ, ಯಾಕೋ ನಡಾ ನೋಯಾಕತ್ತೈತಿ, ಈ ಬಸ್ ಬ್ಯಾಡ, ಜರಾ ಕುಂತು ಹೋಗೂಣು ಅಂತ. ಬಸ್ ತುಂಬಿತ್ತು. ಅಪ್ಪ ಬಾಗಲದಾಗ ಒಂದು ಕಾಲಿಟ್ಟು ನಿಂತಿದ್ದ. ‘ಇದು ಬಿಟ್ರ ಸಂಜೀತನ ಇಲ್ಲ, ಹತ್ತು’ ಅಂದ. ಹತ್ತಿದೆ. ಹಿಂದಿನ ಸೀಟು ಸಿಕ್ತು.”

ನಾನು ಉಂಡಿಯ ಡಬ್ಬಿಗೆ ಮುಚ್ಚಳ ಹಾಕಿ ಬದಿಗಿಟ್ಟೆ.

“ಅಪ್ಪಂದು ತಪ್ಪಂತ ನಾ ಅನ್ನಂಗಿಲ್ಲ ಮಾಮಾ. ಹೋಗೋದಿತ್ತು, ಹೋತು. ಅಪ್ಪಗ ಅದು ನೆನಪೈತೋ ಇಲ್ಲೋ, ಅದೂ ನನಗ ಗೊತ್ತಿಲ್ಲ. ಒಂದು ಸಲನೂ ಆ ಮಾತು ತಗದಿಲ್ಲ. ಆದ್ರ ಈ ಸಲ ಅವಸರ ಮಾಡಿದ್ರ ನಾ ಹತ್ತಂಗಿಲ್ಲ ಅಂತ ಮನಸಿನ್ಯಾಗ ಗಟ್ಟಿ ಮಾಡಿದ್ದೆ.”

ನಾವು ಕಾದೆವು. ಕಾಯುವುದು ಎಂದರೆ ಏನೆಂದು ನನಗೆ ಗೊತ್ತಿಲ್ಲ ಎಂಬುದು ಅಲ್ಲಿ ಗೊತ್ತಾಯಿತು. ಎದ್ದೆ, ಕೂತೆ, ಕೈಗಡಿಯಾರ ನೋಡಿದೆ, ಕಲ್ಲು ಎಸೆದೆ. ನೀರಿನ ನಡುವೆ ಒಂದು ಕಪ್ಪು ಚುಕ್ಕೆ ಕಾಣಿಸಿತು. ಎಷ್ಟು ಹೊತ್ತಾದರೂ ಅದು ಚುಕ್ಕೆಯಾಗಿಯೇ ಇತ್ತು. ಸುನಂದಾ ಅತ್ತೆಯ ಹೆಗಲಿಗೆ ಒರಗಿ ಒಂದು ಜೊಂಪು ನಿದ್ದೆ ಮುಗಿಸಿದಳು. ಹೊತ್ತು ಇಳಿಯತೊಡಗಿದ ಮೇಲೆ ಕರಿಯಾ ಬಂದು ದಂಡೆಗೆ ಹೊಟ್ಟೆ ತಾಗಿಸಿ ನಿಂತಿತು.

ಸುನಂದಾ ಕಾಲಿಟ್ಟಳು. ಅದು ಅಲ್ಲಾಡಲಿಲ್ಲ. ಇನ್ನೊಂದು ಕಾಲನ್ನೂ ಇಟ್ಟಳು. ಕಮಾನಿನ ಕೆಳಗೆ ಹೋಗಿ ನಾನು ಕೊಟ್ಟ ಕೌದಿ ಹಾಸಿಕೊಂಡು ಕೂತು, ಬೆನ್ನು ಒರಗಿಸಿ, ಕಾಲು ಚಾಚಿದಳು. ಭಾವ ಇದೆಲ್ಲವನ್ನೂ ನೋಡುತ್ತಾ ನಿಂತಿದ್ದರು. ನಾನು ಟ್ರಂಕು ಎತ್ತಿಟ್ಟು ಹತ್ತಿದೆ. ಹೊರಟೆವು.

ನಡುನೀರಿಗೆ ಬರುವಷ್ಟರಲ್ಲಿ ಗಾಳಿ ಪೂರಾ ನಿಂತಿತು. ಗೊಬ್ಬರದ ಚೀಲದ ಹಾಯಿ ಜೋತು ಬಿತ್ತು. ನಮ್ಮ ದಂಡೆ ಅಲ್ಲೇ ಕಾಣುತ್ತಿತ್ತು, ಹತ್ತಿರ ಬರುತ್ತಿರಲಿಲ್ಲ. ಇನ್ನು ಭಾವ ಏಳುತ್ತಾರೆ, ಹಗ್ಗ ಜಗ್ಗುತ್ತಾರೆ, ಅಪ್ಪಲಸ್ವಾಮಿಯನ್ನು ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅಪ್ಪಲಸ್ವಾಮಿಗೂ ಹಾಗೇ ಅನ್ನಿಸಿರಬೇಕು. ಹುಟ್ಟು ಕೈಗೆತ್ತಿಕೊಂಡ.

“ಗಟ್ಟಿಯಾಗಿ ಹಾಕ್ತೀನಿ ಸಾರ್. ಜಲ್ದಿ ಮುಟ್ಟಾಣ.”

“ಬ್ಯಾಡ,” ಅಂದರು ಭಾವ. “ಹಗುರಕ ಹೋಗ್ಲಿ.”

ಅವರು ಕಮಾನಿನ ಬಾಯಿಗೆ, ಮಗಳ ಕಾಲ ಹತ್ತಿರ ಕೂತಿದ್ದರು. ಎರಡೂ ಕೈ ಮೊಣಕಾಲ ಮೇಲಿದ್ದವು. ನೀರು ನೋಡುತ್ತಿದ್ದರು. ಬಹಳ ಹೊತ್ತಾದ ಮೇಲೆ, ಯಾರ ಮುಖವನ್ನೂ ನೋಡದೆ ಒಂದು ಮಾತು ಆಡಿದರು.

“ಹೋದ ಸಲ ನಾನ ಹತ್ತು ಅಂದಿದ್ದೆ.”

ಅಪ್ಪಲಸ್ವಾಮಿಗೆ ಅರ್ಥವಾಗಲಿಲ್ಲ. ಅವನು ಹುಟ್ಟು ಕೆಳಗಿಟ್ಟ.

ಸುನಂದಾ ಕಣ್ಣು ತೆರೆದು ಅಪ್ಪನನ್ನು ನೋಡಿದಳು. “ಗೊತ್ತೈತಿ,” ಅಂದಳು. “ಈಗ ಕುಂದ್ರು.”

ಭಾವ ಕೂತೇ ಇದ್ದರು. ದಂಡೆ ಮುಟ್ಟುವವರೆಗೂ ಏಳಲಿಲ್ಲ. ಮರುದಿನ ಕರಿಯಾನನ್ನೇ ಕೊಂಡರು. ನೀಲ್ಯಾನನ್ನು ಬೇರೆ ಯಾರೋ ಒಯ್ದರಂತೆ.

ಕೂತಲ್ಲಿ ಕೂರಲಾರದ ಮನುಷ್ಯ ಎಂದು ನಾವೆಲ್ಲ ವರ್ಷವಿಡೀ ಅವರನ್ನು ಆಡಿಕೊಂಡೆವು. ಕೂತರೆ ಅವರಿಗೆ ಏನು ನೆನಪಾಗುತ್ತದೆ ಎಂದು ನಮ್ಮಲ್ಲಿ ಒಬ್ಬರಾದರೂ ಕೇಳಿದ್ದೇವೆಯೇ?